ಹಿಂದಿನ ಸೀಟಿನ ತೂಕ

ಮಾರ್ಚ್ 3, ಮಂಗಳವಾರ

ಪ್ರಯಾಣಿಕರು ದಯವಿಟ್ಟು ಗಮನಿಸಬೇಕು. ಸಮಸ್ತ ಲೋಕಕ್ಕೂ, ಹಿಂದಿನ ಬೀದಿಗೂ, ಎದುರು ಮಹಡಿಯ ಬ್ಯಾಂಕಿನವರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದು ಬೆಳಗ್ಗೆ ನಮ್ಮ ಮನೆಗೆ ಒಂದು ರಟ್ಟಿನ ಪೆಟ್ಟಿಗೆ ದಯಮಾಡಿಸಿರುತ್ತದೆ.

ಇಷ್ಟು ಗಾಂಭೀರ್ಯದಿಂದ ಬರೆದ ಮೇಲೆ ಏನಾದರೂ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಇರಲಿ.

ದಿನಚರಿ ಬರೆಯುವುದು ನನ್ನ ಜಾಯಮಾನವಲ್ಲ. ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಗಾಡಿ ಎಲ್ಲಿಗೆ ಬರುತ್ತದೆ, ಯಾಕೆ ಬರುವುದಿಲ್ಲ ಎಂದು ಹೇಳುವುದು ನನ್ನ ಉದ್ಯೋಗ. ಈಗ ಅದಕ್ಕೂ ರಜೆ. ಇವಳು, ನನ್ನ ಹೆಂಡತಿ, ಹೋದ ಮೇಲೆ, ಮಾಡಬೇಕಾದ್ದೆಲ್ಲ ಮುಗಿಸಿ ಕೆಲಸಕ್ಕೆ ಹೋದೆ. ಒಂದನೇ ಪ್ಲಾಟ್‌ಫಾರಂ ಗಾಡಿಯನ್ನು ಮೂರನೆಯದು ಅಂದೆ. ಇಡೀ ನಿಲ್ದಾಣ ಗಂಟುಮೂಟೆ ಹೊತ್ತು ಮೇಲ್ಸೇತುವೆ ಹತ್ತಿ ಇಳಿಯಿತು. ತಪ್ಪು ಗೊತ್ತಾಗಿ ಸರಿಯಾಗಿ ಹೇಳಿದೆ. ಎಲ್ಲರೂ ಮತ್ತೆ ಹತ್ತಿ ಇಳಿದರು. ಎರಡೂ ಸಲ ಒಂದೇ ದನಿಯಲ್ಲಿ, ಅಷ್ಟೇ ಸೌಜನ್ಯದಿಂದ ಹೇಳಿದೆನಂತೆ. ಸ್ಟೇಷನ್ ಮಾಸ್ತರರಿಗೆ ಭಯವಾದದ್ದು ಅದಕ್ಕೇ. "ತಪ್ಪು ಎಲ್ರೂ ಮಾಡ್ತಾರೆ. ಆದ್ರೆ ನೀವು ಗಾಬರೀನೇ ಆಗ್ಲಿಲ್ಲವಲ್ಲ ಮಾರಾಯ್ರೆ. ಒಂದು ತಿಂಗಳು ಮನೇಲಿರಿ" ಅಂದರು. ಆಯ್ತು ಅಂದೆ.

ಹಾಗಾಗಿ ಗಂಟಲಿಗೆ ಕೆಲಸವಿಲ್ಲ. ಕಾಗದಕ್ಕೆ ಘೋಷಿಸುತ್ತಿದ್ದೇನೆ.

ಪೆಟ್ಟಿಗೆಯ ಮೇಲೆ ಇವಳ ಹೆಸರಿತ್ತು. ಕೊರಿಯರಿನವರು "ಮೇಡಂ ಇದಾರಾ?" ಅಂದರು. ಇಲ್ಲ ಎನ್ನಲು ಬಾಯಿ ತೆರೆದೆ. "ಆಯ್ತು" ಎಂದು ಬಂತು. ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ಒಳಗಿನಿಂದ ಅತ್ತೆ, ಅಂದರೆ ಇವಳ ತಾಯಿ, ಮಂಡಿ ಹಿಡಿದುಕೊಂಡು ಬಂದು "ನಾನೇ ಮೇಡಂ. ಎಲ್ಲಿ ಸಹಿ?" ಎಂದು ಗೀಚಿ ಕಳಿಸಿದರು.

ಒಳಗಿದ್ದದ್ದು ಕ್ಸೆನಾನ್ ಹೆಡ್‌ಲೈಟುಗಳು. ಗಾಜಿನ ಕೊಳವೆಯಲ್ಲಿ ಬೆಚ್ಚಗೆ ಮಲಗಿದ ಎರಡು ಬಲ್ಬು, ಮೀನಿನ ಕಣ್ಣಿನಂಥ ಎರಡು ದಪ್ಪ ಮಸೂರ, ಸೋಪಿನ ಡಬ್ಬಿಯಷ್ಟು ದೊಡ್ಡ ಎರಡು ತಗಡಿನ ಪೆಟ್ಟಿಗೆ (ಬ್ಯಾಲಾಸ್ಟ್ ಎನ್ನುತ್ತಾರೆ, ಬ್ಯಾಟರಿಯ ಬಡ ಕರೆಂಟಿಗೆ ಸಿಡಿಲಿನ ಮಟ್ಟಕ್ಕೆ ಬಡ್ತಿ ಕೊಡುವುದು ಇದರ ಕೆಲಸ), ಮತ್ತೆ ಒಂದು ಕುಟುಂಬಕ್ಕಾಗುವಷ್ಟು ವೈರು. ಇವಳು ರಕ್ತನಿಧಿಯಲ್ಲಿ ಪಾಳಿ ಮುಗಿಸಿ ಕತ್ತಲಲ್ಲಿ ಬರುತ್ತಿದ್ದವಳು. ನಮ್ಮ ಪುಟ್ಟ ಕಾರಿಗೆ ಬೆಂಕಿಪೊಟ್ಟಣ ಎಂದು ಹೆಸರಿಟ್ಟಿದ್ದಳು. "ಇದರ ಲೈಟಿಗೆ ರಸ್ತೆ ಕಾಣಲ್ಲ. ರಸ್ತೆಗೆ ಕಾರು ಕಾಣುತ್ತೆ, ಅಷ್ಟೇ" ಅನ್ನುತ್ತಿದ್ದಳು. ಜ್ವರ ಬರುವ ಮುಂಚೆ ಯಾವಾಗಲೋ ತರಿಸಲು ಹೇಳಿರಬೇಕು. ಜ್ವರ ಬೇಗ ಬಂತು. ಲೈಟು ತಡವಾಗಿ ಬಂತು.

ಮಾರ್ಚ್ 4, ಬುಧವಾರ

ಭಾಮೈದನ ಫೋನು. ಇವಳ ತಮ್ಮ, ಬೇರೆ ಊರಲ್ಲಿದ್ದಾನೆ.

"ಭಾವ, ಊಟ ಆಯ್ತಾ?"

"ಆಯ್ತು."

"ಅಮ್ಮನ್ನ ಇನ್ನು ನಾನು ಕರ್ಕೊಂಡು ಹೋಗ್ತೀನಿ. ಅಕ್ಕ ಇದ್ದಾಗಿನ ಮಾತು ಬೇರೆ. ಈಗ ಅಲ್ಲಿ ಏನಂತ ಇರ್ತಾಳೆ ಹೇಳಿ?"

"ಆಯ್ತು."

"ತಿಂಗಳ ಕೊನೇ ಭಾನುವಾರ ಬರ್ತೀನಿ. ಆ ಕಾರೂ ನಿಂತಲ್ಲೇ ತುಕ್ಕು ಹಿಡೀತಿದೆ. ನೀವಂತೂ ಓಡ್ಸಲ್ಲ. ಗಿರಾಕಿ ಒಬ್ಬ ಇದಾನೆ."

"ಆಯ್ತು."

ಹೆಡ್‌ಲೈಟಿನ ವಿಷಯ ಹೇಳಿದೆ. "ವಾಪಸ್ ಯಾಕೆ ಕಳಿಸ್ತೀರಿ, ಹಾಕ್ಸಿಬಿಡಿ. ಕಾರಿಗೆ ಕಳೆ ಬರುತ್ತೆ" ಅಂದ. ಅದಕ್ಕೂ ಆಯ್ತು ಅಂದೆ. ಒಂದೇ ಪದದಲ್ಲಿ ಸಂಸಾರ ವಿಸರ್ಜಿಸುವ ಕಲೆ ನನಗೆ ಸಿದ್ಧಿಸಿದಂತಿದೆ.

ಅತ್ತೆ ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದಿದ್ದರು. ಬೀದಿಯವರ ಪ್ಯಾಂಟಿನ ಉದ್ದ ಕಮ್ಮಿ ಮಾಡಿಕೊಡುತ್ತಾರೆ. ವಿಷಯ ಒಪ್ಪಿಸಿದೆ.

"ನೀವೇನಂದ್ರಿ ಅಳಿಯಂದ್ರೇ?"

"ಆಯ್ತು ಅಂದೆ."

ಅತ್ತೆ ದಾರವನ್ನು ಹಲ್ಲಿನಲ್ಲಿ ಕತ್ತರಿಸಿದರು. "ಹೂಂ. ನಿಮ್ ಸ್ಟೇಷನ್ನಲ್ಲಿ ಇಷ್ಟು ಬೇಗ ಯಾವ ಗಾಡೀನೂ ಹೊರಡಲ್ಲ."

ಅವರು ನಮ್ಮ ಜೊತೆ ಇದ್ದದ್ದು ಮಗಳ ಲೆಕ್ಕದಲ್ಲಿ. ಈಗ ಆ ಲೆಕ್ಕ ಇಲ್ಲ. ಇರಿ ಎನ್ನಲು ನಾನು ಯಾರು? ಹೋಗಿ ಎನ್ನಲೂ ನಾನು ಯಾರೂ ಅಲ್ಲ. ನನಗೆ ಈ ವಿಷಯದಲ್ಲಿ ಅಭಿಪ್ರಾಯವೇ ಇಲ್ಲ.

ಮಾರ್ಚ್ 6, ಶುಕ್ರವಾರ

ಏನೂ ಇಲ್ಲ.

ಮಾರ್ಚ್ 9, ಸೋಮವಾರ

ಕಾಮಗಾರಿ ಪ್ರಾರಂಭ. ನಾನೇ ಮಾಡುತ್ತಿದ್ದೇನೆ. ನೈಪುಣ್ಯ ಕಾರಣವಲ್ಲ, ಬೆಳಗ್ಗೆ ಎದ್ದ ಮೇಲೆ ಮಲಗುವ ತನಕ ಬಹಳ ಹೊತ್ತಿರುತ್ತದೆ.

ಪೆಟ್ಟಿಗೆಯಲ್ಲಿದ್ದ ಪುಸ್ತಿಕೆಯ ಪ್ರಕಾರ ಮೊದಲು ಬ್ಯಾಟರಿಯ ತಂತಿ ಬಿಚ್ಚಬೇಕು, ಆಮೇಲೆ ಮುಂದಿನ ಬಂಪರನ್ನೇ ಕಳಚಬೇಕು. ಎರಡು ಲೈಟು ಹಾಕಲು ಕಾರಿನ ಅರ್ಧ ಮುಖ ಕಿತ್ತಿಡಬೇಕಂತೆ. ಹೊದಿಕೆ ತೆಗೆದು ಶುರು ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಬೆಂಕಿಪೊಟ್ಟಣ ಹಲ್ಲುಸೆಟ್ಟು ತೆಗೆದಿಟ್ಟ ಮುದುಕನ ಹಾಗೆ ಕಾಣುತ್ತಿತ್ತು.

ಬಿಚ್ಚಿದ ತಿರುಪುಗಳನ್ನು ಕೈಗೆ ಸಿಕ್ಕ ಲೋಟಕ್ಕೆ ಹಾಕುತ್ತ ಹೋಗಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ಲೋಟವನ್ನು ನೋಡಿದರು. ಇವಳು ಕಾಫಿ ಕುಡಿಯುತ್ತಿದ್ದ ನೀಲಿ ಲೋಟ. ಒಳಗೆ ಹೋದರು, ಗುಂಡಿಗಳ ಡಬ್ಬಿಯೊಂದನ್ನು ಖಾಲಿ ಮಾಡಿ ತಂದು, ತಿರುಪುಗಳನ್ನು ಅದಕ್ಕೆ ಸುರಿದು, ಲೋಟ ತೊಳೆದು ಕವುಚಿಟ್ಟರು.

ಒಂದು ತಿರುಪು ಇಂಜಿನ್ನಿನ ಸಂದಿಗೆ ಬಿತ್ತು. ಅತ್ತೆ ಸೂಜಿ ಹೆಕ್ಕುವ ಅಯಸ್ಕಾಂತಕ್ಕೆ ದಾರ ಕಟ್ಟಿ ಇಳಿಬಿಟ್ಟರು. ಬಾವಿಯಲ್ಲಿ ಬಿದ್ದ ಕೊಡ ತೆಗೆಯುವವರ ಗತ್ತು. ಮೊದಲು ಬಂದದ್ದು ಒಂದು ತಲೆಪಿನ್ನು. ಎರಡನೇ ಸಲ ತಿರುಪು.

ತಲೆಪಿನ್ನನ್ನು ಇಬ್ಬರೂ ನೋಡಿದೆವು. ಅತ್ತೆ ತಮ್ಮ ತಲೆಗೆ ಸಿಕ್ಕಿಸಿಕೊಂಡು ಒಳಗೆ ಹೋದರು.

ಮಾರ್ಚ್ 12, ಗುರುವಾರ

ಇಂದಿನ ಅಡುಗೆ: ಹೆಡ್‌ಲೈಟು.

ವ್ಯಂಗ್ಯವಲ್ಲ. ಮೀನುಗಣ್ಣಿನ ಮಸೂರ ಒಳಗೆ ಕೂರಿಸಬೇಕಾದರೆ ಹೆಡ್‌ಲೈಟಿನ ಮುಂದಿನ ಗಾಜು ತೆಗೆಯಬೇಕು. ಅದನ್ನು ಕಾರ್ಖಾನೆಯವರು ಕಪ್ಪು ಗೋಂದಿನಿಂದ ಅಂಟಿಸಿರುತ್ತಾರೆ. ಗೋಂದು ಮೆತ್ತಗಾಗಲು ಇಡೀ ಹೆಡ್‌ಲೈಟನ್ನು ಓವನ್ನಿನಲ್ಲಿ ಸಣ್ಣ ಉರಿಗೆ ಇಡಬೇಕು. ಪುಸ್ತಿಕೆಯಲ್ಲೇ ಇದೆ. ನಾನು ಮೂರು ಸಲ ಓದಿ ಅತ್ತೆಗೆ ತೋರಿಸಿದೆ.

"ನನ್ನ ಓವನ್ನಲ್ಲಾ?"

"ಹೌದು ಅತ್ತೆ."

"ಎಣ್ಣೆ ಸವರಬೇಕಾ?"

"ಇಲ್ಲ ಅತ್ತೆ."

"ಉಪ್ಪು?"

ತಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಸಿ ಹೆಡ್‌ಲೈಟನ್ನು ಅಂಗಾತ ಮಲಗಿಸಿ ಒಳಗಿಟ್ಟೆವು. ಇಬ್ಬರೂ ಮಣೆಗಳ ಮೇಲೆ ಕೂತು ಓವನ್ನಿನ ಗಾಜಿನೊಳಗೆ ನೋಡುತ್ತಿದ್ದೆವು. ಒಳಗಿನಿಂದ ಹೆಡ್‌ಲೈಟು ನಮ್ಮನ್ನು ನೋಡುತ್ತಿತ್ತು. ಅತ್ತೆ ನಡುನಡುವೆ ಮೂಗರಳಿಸಿ ವಾಸನೆ ನೋಡಿ "ಇನ್ನೂ ಆಗಿಲ್ಲ" ಅನ್ನುತ್ತಿದ್ದರು. ಪುಸ್ತಿಕೆ ಹೇಳಿದ ಸಮಯ ಆಗಿತ್ತು. ಅತ್ತೆ ಹೇಳಿದ ಸಮಯಕ್ಕೆ ತೆಗೆದೆವು. ದಪ್ಪ ಬಟ್ಟೆ ಹಿಡಿದು ನಾನೊಂದು ಕಡೆ, ಅವರೊಂದು ಕಡೆ ಎಳೆದಾಗ ಗೋಂದು ಉದ್ದುದ್ದ ಎಳೆ ಬಿಟ್ಟು ಬಿಚ್ಚಿಕೊಂಡಿತು.

"ಓವನ್ ಹೇಗೂ ಕಾದಿದೆ" ಎಂದು ಅತ್ತೆ ಆಲೂಗೆಡ್ಡೆ ಒಳಗಿಟ್ಟರು. ಬೆಂದ ಮೇಲೆ ಕೊಟ್ಟರು ಅಂತ ತಿಂದೆ. ಮತ್ತೆರಡು ತಿಂದೆ. ಹೆಡ್‌ಲೈಟಿನ ವಾಸನೆ ಸ್ವಲ್ಪ ಇತ್ತು.

ಮಾರ್ಚ್ 13, ಶುಕ್ರವಾರ

ಎರಡನೇ ಹೆಡ್‌ಲೈಟು ಬೆಂದಿತು. ಮತ್ತೆ ಆಲೂಗೆಡ್ಡೆ.

ಮಾರ್ಚ್ 16, ಸೋಮವಾರ

ಪುಸ್ತಿಕೆಯಲ್ಲಿ ಒಂದೇ ಒಂದು ವಾಕ್ಯ ಕೆಂಪಕ್ಷರದಲ್ಲಿದೆ: ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಆದ್ದರಿಂದ ಬರಿಗೈಯಲ್ಲಿ ಮುಟ್ಟಿದೆ.

ಕೈಯ ಜಿಡ್ಡು ಗಾಜಿಗೆ ಹತ್ತಿದರೆ ಆ ಜಾಗ ವಿಪರೀತ ಕಾದು ಬಲ್ಬು ಬಿರಿಯಬಹುದಂತೆ. ನನ್ನ ಹೆಬ್ಬೆಟ್ಟು ಗಾಜಿನ ಮೇಲೆ ಸರ್ಕಾರಿ ದಾಖಲೆಯಷ್ಟು ಸ್ಪಷ್ಟವಾಗಿ ಮೂಡಿತ್ತು. ಹೋಯಿತು ಬಿಡಿ ಎಂದು ಕೆಳಗಿಟ್ಟೆ. ಬೇಜಾರೇನೂ ಆಗಲಿಲ್ಲ.

"ಕೊಡಿ ಇಲ್ಲಿ" ಎಂದು ಅತ್ತೆ ಇವಳ ಔಷಧಿ ಡಬ್ಬಿ ತಂದರು. ಅದರಲ್ಲಿ ರಕ್ತನಿಧಿಯ ಸ್ಪಿರಿಟ್ಟಿತ್ತು, ಹತ್ತಿಯಿತ್ತು. ಇಂಜೆಕ್ಷನ್ನಿಗೆ ಮೊದಲು ತೋಳು ಒರೆಸುವ ಹಾಗೆ ಬಲ್ಬನ್ನು ಒರೆಸಿದರು. ವಾಸನೆ ಮನೆಯೆಲ್ಲ ಹರಡಿತು. ಇವಳು ಪಾಳಿ ಮುಗಿಸಿ ಬಂದು ಚಪ್ಪಲಿ ಬಿಡುವಾಗ ಬರುತ್ತಿದ್ದ ವಾಸನೆ.

ಅತ್ತೆ ಆಗಲೇ ಹೊಳೆಯುತ್ತಿದ್ದ ಬಲ್ಬನ್ನು ಇನ್ನೂ ಒರೆಸುತ್ತಿದ್ದರು. ನಾನು ಎರಡನೆಯದನ್ನೂ ಕೊಟ್ಟೆ. ಅದನ್ನು ನಾನು ಮುಟ್ಟಿರಲಿಲ್ಲ.

ಮಾರ್ಚ್ 19, ಗುರುವಾರ

ವೈರಿಂಗ್ ದಿನ. ಹಳೆಯ ಲೈಟಿನ ತಂತಿ ಈ ಹೊಸ ದೊರೆಗಳ ಹೊಟ್ಟೆಗೆ ಸಾಲದು. ಆದ್ದರಿಂದ ಬ್ಯಾಟರಿಯಿಂದಲೇ ನೇರ ದಪ್ಪ ವೈರು, ನಡುವೆ ಫ್ಯೂಸು, ಆಮೇಲೆ ರಿಲೇ ಎಂಬ ಕಪ್ಪು ಚೌಕ. ಹಳೆಯ ತಂತಿ ರಿಲೇಗೆ "ಹಾಕು" ಎನ್ನುತ್ತದೆ, ರಿಲೇ ಬ್ಯಾಟರಿಯಿಂದ ಕರೆಂಟು ಬಿಡುತ್ತದೆ. ಸ್ಟೇಷನ್ ಮಾಸ್ತರರು ನನಗೆ ಚೀಟಿ ಕೊಡುವುದು, ನಾನು ಮೈಕಿನಲ್ಲಿ ಕೂಗುವುದು. ಅದೇ ವ್ಯವಸ್ಥೆ.

ವೈರುಗಳನ್ನು ಅತ್ತೆ ಒಪ್ಪಲಿಲ್ಲ. "ಇದೇನು ಹೀಗೆ ಒಳಲಂಗದ ಲಾಡಿ ಬಿಟ್ಟ ಹಾಗೆ ನೇತಾಡ್ತಿದೆ?" ಎಂದು ಬಟ್ಟೆಯ ಟೇಪಿನಲ್ಲಿ ಉದ್ದಕ್ಕೂ ಸುತ್ತಿ, ತಿರುವಿನಲ್ಲೆಲ್ಲ ಗಂಟು ಹಾಕಿ, ಇಂಜಿನ್ನಿನ ಅಂಚಿಗೆ ಅಂಟಿಸಿ ಹೊಲಿದ ಹಾಗೆ ಕೂರಿಸಿದರು.

ಸ್ವಿಚ್ಚು ಹಾಕಿದೆ. ಎಡಗಡೆಯದು ಟಿಕ್ ಅಂದಿತು. ಬಲಗಡೆಯದು ನನ್ನ ಹಾಗೆ ಸುಮ್ಮನಿತ್ತು.

ಮತ್ತೆ ಬಿಚ್ಚಿ ನೋಡಿದರೆ, ಬಲಗಡೆಯ ಅರ್ತಿನ ತಂತಿಯನ್ನು, ಅಂದರೆ ಕರೆಂಟು ಕಾರಿನ ಮೈಗೆ ಮರಳುವ ದಾರಿಯನ್ನು, ನಾನು ಬಣ್ಣ ಬಳಿದ ತಗಡಿನ ಮೇಲೇ ಬಿಗಿದಿದ್ದೆ. ಬಣ್ಣದ ಮೂಲಕ ಕರೆಂಟು ಹರಿಯುವುದಿಲ್ಲ. ಅತ್ತೆ ಕತ್ತರಿಯ ತುದಿಯಿಂದ ಕೆರೆದು ಕೆರೆದು ಬೆಳ್ಳಿಯಂಥ ತಗಡು ಹೊರತೆಗೆದರು. "ಮೇಲೆ ಬಣ್ಣ ಇದ್ರೆ ಒಳಗೆ ಏನೂ ತಾಕಲ್ಲ ನೋಡಿ" ಅಂದರು. ಹೌದು ಅಂದೆ.

ಎರಡೂ ಹತ್ತಿದವು. ಇವು ಹತ್ತುವ ಬಗೆಯೇ ಬೇರೆ. ಹಾಕಿದ ಕೂಡಲೇ ನೀಲಿಯಾಗಿ, ಮಂಕಾಗಿ, ಇಷ್ಟವಿಲ್ಲದೆ ಎದ್ದವರ ಹಾಗೆ. ಆಮೇಲೆ ನಿಧಾನಕ್ಕೆ ಬಿಸಿಯಾಗಿ ಬೆಳ್ಳಗಾಗುತ್ತವೆ. ಬೆಳ್ಳಗಾದ ಮೇಲೆ ಮಾತ್ರ ತಡೆಯಲಾಗುವುದಿಲ್ಲ. ನಾವು ಮಸೂರವನ್ನು ಆಕಾಶಕ್ಕೆ ಮುಖ ಮಾಡಿ ಕೂರಿಸಿದ್ದೆವೆಂದು ತೋರುತ್ತದೆ. ಬೆಳಕು ನೇರ ಎದುರು ಮಹಡಿಯ ಕಿಟಕಿಗೆ ಹೊಡೆಯಿತು. ಬ್ಯಾಂಕಿನವರು ಬನಿಯನ್ನಿನಲ್ಲಿ ಹಲ್ಲುಜ್ಜುತ್ತಿದ್ದರು. ಬ್ರಷ್ಷು ಬಾಯಲ್ಲೇ ಬಿಟ್ಟು ಎರಡೂ ಕೈ ಮೇಲೆತ್ತಿದರು.

"ಪಾಪ, ಬ್ಯಾಂಕಿನವರಿಗೆ ಅಭ್ಯಾಸ ಮಾಡಿಸಿರ್ತಾರೆ" ಎಂದು ಅತ್ತೆ ಸ್ವಿಚ್ಚು ಆರಿಸಿದರು.

ಮಾರ್ಚ್ 22, ಭಾನುವಾರ

ಅತ್ತೆ ಅಟ್ಟದಿಂದ ದೊಡ್ಡ ಸೂಟ್‌ಕೇಸು ಇಳಿಸಿಕೊಡಿ ಅಂದರು. ಇಳಿಸಿಕೊಟ್ಟೆ. ಧೂಳು ಒರೆಸಿದೆ. ಚಕ್ರ ಒಂದು ಸಿಕ್ಕಿಕೊಳ್ಳುತ್ತಿತ್ತು, ಎಣ್ಣೆ ಬಿಟ್ಟೆ. ಈಗ ಸಲೀಸಾಗಿ ಉರುಳುತ್ತದೆ.

ಉರುಳುವಂತೆ ಮಾಡಿದ್ದು ಯಾಕೆಂದು ಗೊತ್ತಿಲ್ಲ.

ಮಾರ್ಚ್ 24, ಮಂಗಳವಾರ

ಏನೂ ಇಲ್ಲ. ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿದ್ದಾರೆ.

ಮಾರ್ಚ್ 26, ಗುರುವಾರ

ಲೈಟಿನ ನೋಟ ಸರಿಪಡಿಸಲು ವೈರಿಂಗಣ್ಣ ಬಂದಿದ್ದ. ಮುಖ್ಯರಸ್ತೆಯಲ್ಲಿ ಕಾರುಗಳ ವೈರಿಂಗ್ ಅಂಗಡಿ ಇಟ್ಟವನು. ತನ್ನ ಬಗ್ಗೆ ತನಗೆ ಸದಭಿಪ್ರಾಯ ಉಳ್ಳವನು. ನಮ್ಮ ವೈರಿಂಗ್ ನೋಡಿ "ಯಾರು ಸಾರ್ ಇದು ಮಾಡಿದ್ದು, ಸೀರೆ ಅಂಚಿಗೆ ಪಿಕೋ ಹಾಕಿದ ಹಾಗಿದೆ" ಅಂದ. ಅತ್ತೆ ಗಂಭೀರವಾಗಿ ತಲೆಯಾಡಿಸಿದರು.

ನಾನು ಒಂದು ಮಾತಾಡಿದೆನೋ ಇಲ್ಲವೋ, ಅವನು ಕಿವಿ ನಿಮಿರಿಸಿದ. "ಈ ದನಿ ಎಲ್ಲೋ ಕೇಳಿದೀನಲ್ಲ... ಓಹೋಹೋ! ಮೂರನೇ ಪ್ಲಾಟ್‌ಫಾರಂ! ಸೇತುವೆ ಹತ್ತಿಸಿ ಇಳಿಸಿ ಮತ್ತೆ ಹತ್ತಿಸಿದೋರು ನೀವೇ ತಾನೆ ಸಾರ್?"

"ನಾನೇ."

"ನಮ್ ಅತ್ತಿಗೆ ಇನ್ನೂ ಕಾಲಿಗೆ ಮುಲಾಮು ಹಚ್ಕೊಂಡು ಕೂತವ್ರೆ."

"ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ." ಬಾಯಿ ತಾನಾಗಿ ಅಂದಿತು, ಪೂರ್ತಿ ಮೈಕಿನ ದನಿಯಲ್ಲಿ.

ಹೊಲಿಗೆ ಯಂತ್ರ ಎಡವಿದಂಥ ಸದ್ದು ಬಂತು. ಅತ್ತೆ ನಗುತ್ತಿದ್ದರು.

ಸಂಜೆ ಬೆಳಕು ಇಳಿದ ಮೇಲೆ ಕಾರನ್ನು ಕಾಂಪೌಂಡಿನ ಗೋಡೆಗೆ ಎದುರಾಗಿ ನಿಲ್ಲಿಸಿ, ಗೋಡೆಯ ಮೇಲೆ ಅಡ್ಡಕ್ಕೆ ಟೇಪು ಅಂಟಿಸಿದ. ಬೆಳಕಿನ ಅಂಚು ಆ ಟೇಪಿನ ಮೇಲೆ ಕೂರಬೇಕು. ಮೇಲೆ ಹೋದರೆ ಎದುರಿನವರ ಕಣ್ಣು ಕುರುಡು, ಕೆಳಗೆ ಬಂದರೆ ನಮ್ಮ ಕಣ್ಣು ಕುರುಡು.

"ಎಲ್ಲರೂ ನಿಮ್ ನಿಮ್ ಜಾಗದಲ್ಲಿ ಕೂತ್ಕೊಳ್ಳಿ. ಖಾಲಿ ಕಾರಿಗೆ ಸೆಟ್ ಮಾಡಿದ್ರೆ ಲೈಟು ಖಾಲಿ ಕಾರಿಗೇ ಸರಿಯಾಗುತ್ತೆ. ದಿನಾ ಯಾರ್ ಯಾರು ಹೋಗ್ತೀರೋ ಅಷ್ಟು ತೂಕ ಇರ್ಬೇಕು."

ಅತ್ತೆ ಹಿಂದಿನ ಸೀಟಿನಲ್ಲಿ ಕೂತರು. ನಾನು ನನ್ನ ಸೀಟಿನಲ್ಲಿ ಕೂತೆ. ನನ್ನದು ಯಾವಾಗಲೂ ಪಕ್ಕದ ಸೀಟು. ಲೈಸೆನ್ಸ್ ಇದೆ, ಫೋಟೋದಲ್ಲಿ ಮೀಸೆ ಇನ್ನೂ ಕಪ್ಪಗಿದೆ. ಆದರೆ ಇವಳು ಓಡಿಸುವಳು, ನಾನು "ಎಡಕ್ಕೆ ತಿರುವು ಬರುತ್ತಿದೆ" ಎಂದು ಘೋಷಿಸುವೆನು. "ಕೂಗೋರು ಯಾವತ್ತಾದ್ರೂ ರೈಲು ಓಡಿಸಿದ್ದುಂಟಾ?" ಅನ್ನುತ್ತಿದ್ದಳು.

"ಡ್ರೈವರು?" ಅಂದ ವೈರಿಂಗಣ್ಣ.

ಅವನು ನನ್ನನ್ನು ನೋಡಿದ, ಅತ್ತೆಯನ್ನು ನೋಡಿದ, ಅರ್ಥವಾಯಿತು. "ಸರಿ ಸರಿ. ಎಷ್ಟು ತೂಕ ಇದ್ರು ಅವರು?"

ನನಗೆ ಗೊತ್ತಿರಲಿಲ್ಲ.

ಪಕ್ಕದ ಮನೆಯಲ್ಲಿ ಗಾರೆ ಕೆಲಸ ನಡೆಯುತ್ತಿದೆ. ಹೋಗಿ ಒಂದು ಸಿಮೆಂಟಿನ ಚೀಲ ಹೊತ್ತು ತಂದು, ಸ್ಟೇರಿಂಗಿನ ಮುಂದೆ ಕೂರಿಸಿ, ಜಾರದಿರಲೆಂದು ಬೆಲ್ಟೂ ಹಾಕಿದ. ನಾನು ಪಕ್ಕದಲ್ಲಿ ಕೂತು ಗೋಡೆ ನೋಡುತ್ತಿದ್ದೆ.

"ತೆಗೀರಿ ಅದನ್ನ" ಅಂದರು ಅತ್ತೆ.

"ತೂಕಕ್ಕೆ ಅಮ್ಮ—"

"ನನ್ನ ಮಗಳು ಸಿಮೆಂಟಲ್ಲ. ತೆಗೀರಿ." ಆಮೇಲೆ ನನ್ನ ಕಡೆಗೆ, "ಅಳಿಯಂದ್ರೇ, ಆ ಕಡೆ ಹೋಗಿ ಕೂತ್ಕೊಳ್ಳಿ."

ಆಯ್ತು ಅಂದೆ. ಹೋಗಿ ಸಿಮೆಂಟಿನ ಧೂಳಿನ ಮೇಲೆಯೇ ಕೂತೆ. ಇವಳು ಕುಳ್ಳಿ. ಸೀಟು ಮುಂದಕ್ಕಿತ್ತು. ನನ್ನ ಮಂಡಿಗಳು ಸ್ಟೇರಿಂಗಿನ ಕೆಳಗೆ ಸಿಕ್ಕಿಕೊಂಡು ಎದೆಗೆ ಬಂದವು.

"ಸೀಟು ಹಿಂದಕ್ಕೆ ಹಾಕ್ಕೊಳ್ಳಿ."

"ಇರಲಿ ಅತ್ತೆ."

"ಹಾಗೆ ಮಡಚಿಕೊಂಡು ಎಷ್ಟೊತ್ತು ಕೂರ್ತೀರಿ?"

"ಇರಲಿ. ಆಗುತ್ತೆ."

ವೈರಿಂಗಣ್ಣ ಗೋಡೆಯ ಟೇಪು ನೆಟ್ಟಗಿದೆಯೇ ಎಂದು ನೋಡಲು ಹೋದ. ಅದು ನೆಟ್ಟಗೇ ಇತ್ತು. ಬಹಳ ಹೊತ್ತು ನೋಡುತ್ತಿದ್ದ.

ಹಿಂದಿನಿಂದ ಅತ್ತೆ ಬಗ್ಗಿದರು. "ಸೀಟಿನ ಕೆಳಗೆ ಕಡ್ಡಿ ಇದೆ, ಕೈಗೆ ಸಿಗುತ್ತೆ. ಅದನ್ನ ಮೇಲಕ್ಕೆ ಎಳಿ. ನಾನು ಹಿಂದೆ ಹಿಡ್ಕೊಂಡಿದೀನಿ. ಎಳಿಯೋ."

ಎಳೆದೆ. ಸೀಟು ಹಿಂದಕ್ಕೆ ಹೋಯಿತು. ಕಟಕ್ ಅಂದಿತು. ಅಷ್ಟೇ.

"ಅಯ್ಯೋ ನನ್ನ ಮಂಡಿ!" ಅಂದರು ಅತ್ತೆ.

ವೈರಿಂಗಣ್ಣ ಹೆಡ್‌ಲೈಟಿನ ಹಿಂದಿನ ತಿರುಪು ಎರಡು ಸುತ್ತು ತಿರುಗಿಸಿ, "ಹೊಸದಾಗಿ ತೂಕ ಬಿದ್ದಿದೆ, ಸ್ಪ್ರಿಂಗು ಕೂತ್ಕೋಬೇಕು. ಒಂದು ರೌಂಡ್ ಓಡಿಸ್ಕೊಂಡು ಬನ್ನಿ ಸಾರ್" ಅಂದ, ಉಗುರು ಕತ್ತರಿಸಿಕೊಂಡು ಬನ್ನಿ ಎನ್ನುವಷ್ಟು ಸಲೀಸಾಗಿ.

ಹೋಗಿ ಬಂದೆವು. ವಿವರ ಕೊಡುವಂಥದ್ದೇನಿಲ್ಲ. ಕಾರು ನಾಲ್ಕಾರು ಸಲ ನಿಂತಿತು. ಒಂದು ಸೈಕಲ್ಲು ನಮ್ಮನ್ನು ದಾಟಿ ಹೋಯಿತು, ಅದರ ಮೇಲಿದ್ದವರು ಫೋನಿನಲ್ಲಿ ಮಾತಾಡುತ್ತಿದ್ದರು. ಅತ್ತೆ ಹಿಂದಿನಿಂದ "ಮುಂದಿನ ನಿಲ್ದಾಣ ಹಾಲಿನಂಗಡಿ. ಪ್ರಯಾಣಿಕರು ಉಸಿರು ಬಿಡಬಹುದು" ಎಂದು ಘೋಷಿಸಿದರು. ದನಿ ಪರವಾಗಿಲ್ಲ. ಕೊನೆಯಲ್ಲಿ ಸ್ವಲ್ಪ ಎಳೆಯುತ್ತಾರೆ.

ಬೆಳಕಿನ ಅಂಚು ಟೇಪಿನ ಮೇಲೆ ಕೂತಿತು. ಗೋಡೆಯ ಗೀರುಗಳೆಲ್ಲ ಕಂಡವು. ವೈರಿಂಗಣ್ಣ ಕೈ ಒರೆಸಿಕೊಂಡು ಎಚ್ಚರಿಕೆ ಕೊಟ್ಟ. "ಇದು ನಿಮ್ಮಿಬ್ಬರ ತೂಕಕ್ಕೆ ಸೆಟ್ ಆಗಿದೆ ಸಾರ್. ಹಿಂದಿನ ಸೀಟಿನ ಅಮ್ಮ ಇಳಿದ್ರೋ, ಹಿಂದೆ ಎದ್ದು ಮುಂದೆ ಮೂತಿ ಬಗ್ಗುತ್ತೆ. ಬೆಳಕು ಮೂಗಿನ ಮುಂದೆ ಬೀಳುತ್ತೆ, ದೂರ ಕಾಣಲ್ಲ."

ಇಬ್ಬರೂ ಕೇಳಿಸಿಕೊಂಡೆವು.

ಮಾರ್ಚ್ 29, ಭಾನುವಾರ

ಭಾಮೈದ ಮಧ್ಯಾಹ್ನದ ಗಾಡಿಗೆ ಬಂದ. ಒಳ್ಳೆಯವನೇ. ಊಟ ಮಾಡುವಾಗ ಅಕ್ಕನ ಜಾಗದಲ್ಲಿ ಕೂರದೆ ಗೋಡೆಗೊರಗಿ ನಿಂತೇ ಉಂಡ. ಕಾರು ನೋಡಿ, ಲೈಟು ಹಾಕಿಸಿ ನೋಡಿ, "ಸಖತ್ತಾಗಿದೆ ಭಾವ, ಗಿರಾಕಿ ಕಣ್ಮುಚ್ಚಿ ಒಪ್ಕೋತಾನೆ" ಅಂದ.

ಸಂಜೆ ಸೂಟ್‌ಕೇಸು ಬಾಗಿಲ ಬಳಿ ಬಂತು. ಅದರ ಮೇಲೆ ಹೊಲಿಗೆಯ ಡಬ್ಬಿ. ಅತ್ತೆ ಕುರ್ಚಿಯ ಅಂಚಿನಲ್ಲಿ ಕೂತಿದ್ದರು, ಬಸ್ಸಿಗೆ ಕಾಯುವವರ ಹಾಗೆ.

"ಭಾವ, ನಾವು ಹೊರಡ್ಲಾ?"

ಮುಂದಿನದು ಅತ್ತೆ ಹೇಳಿದ್ದು. ನನಗೆ ಸರಿಯಾಗಿ ನೆನಪಿಲ್ಲ. ನಾನು "ಇಲ್ಲ" ಅಂದೆನಂತೆ.

"ಏನು ಇಲ್ಲ?"

ಇಲ್ಲಿಂದ ನನಗೆ ನೆನಪಿದೆ, ಯಾಕೆಂದರೆ ಎದ್ದು ನಿಂತಿದ್ದೆ. ದನಿಯೂ ಎದ್ದು ನಿಂತಿತ್ತು. "ಪ್ರಯಾಣಿಕರ ಗಮನಕ್ಕೆ. ತಾಂತ್ರಿಕ ಕಾರಣಗಳಿಂದಾಗಿ ಅತ್ತೆಯವರ ಪ್ರಯಾಣವನ್ನು ರದ್ದುಪಡಿಸಲಾಗಿದೆ."

ಭಾಮೈದ ಅಮ್ಮನ ಮುಖ ನೋಡಿದ. ನನಗೆ ತಲೆ ಕೆಟ್ಟಿತೇ ಎಂದು ಕಣ್ಣಲ್ಲೇ ಕೇಳಿದ. ನಾನು ಹಿಂದಿನ ಸೀಟು, ಮುಂದಿನ ಮೂತಿ, ಬೆಳಕಿನ ಅಂಚು ಎಲ್ಲವನ್ನೂ ಸವಿಸ್ತಾರವಾಗಿ ವಿವರಿಸಿದೆ. ಅವನು ಕೊನೆಯವರೆಗೆ ಕೇಳಿದ.

"ಅಷ್ಟೇನಾ? ಆ ತಿರುಪು ಒಂದು ಸುತ್ತು ತಿರುಗಿಸಿದ್ರೆ ಆಯ್ತಲ್ಲ ಭಾವ. ಒಂದು ಸ್ಕ್ರೂಡ್ರೈವರ್ ಕೊಡಿ, ಈಗಲೇ ಮಾಡ್ತೀನಿ."

ಅವನು ಹೇಳಿದ್ದು ಸರಿ. ನನ್ನ ಬಳಿ ಎರಡನೇ ತಾಂತ್ರಿಕ ಕಾರಣ ಇರಲಿಲ್ಲ.

"ಸ್ಕ್ರೂಡ್ರೈವರ್ ಕಳ್ದೋಗಿದೆ" ಅಂದರು ಅತ್ತೆ.

ಅವರ ಹೊಲಿಗೆಯ ಡಬ್ಬಿಯ ಮುಚ್ಚಳ ಪೂರ್ತಿ ಮುಚ್ಚಿರಲಿಲ್ಲ. ಸಂದಿಯಿಂದ ಒಂದು ಹಳದಿ ಹಿಡಿ ಹೊರಗೆ ಇಣುಕುತ್ತಿತ್ತು. ಭಾಮೈದ ಅದನ್ನು ನೋಡಿದ. ನಾನೂ ನೋಡಿದೆ. ಅತ್ತೆ ಮೊಣಕೈ ಇಟ್ಟು ಮುಚ್ಚಳ ಒತ್ತಿದರು. ಮುಚ್ಚಲಿಲ್ಲ.

"ಅಮ್ಮಾ, ನಿಂಗೆ ಇಲ್ಲೇ ಇರ್ಬೇಕು ಅನ್ಸಿದ್ರೆ ಹೇಳ್ಬಾರದಾ?"

"ಯಾರೋ ಕೇಳಿದ್ರು ನನ್ನ? ನೀನು ಬರ್ತೀನಿ ಅಂದೆ, ಇವನು ಆಯ್ತು ಅಂದ. ನಾನು ಸೂಟ್‌ಕೇಸ್ ಇಳಿಸ್ಕೊಡು ಅಂದ್ರೆ ಚಕ್ರಕ್ಕೆ ಎಣ್ಣೆ ಬೇರೆ ಬಿಟ್ಟ ಪುಣ್ಯಾತ್ಮ!"

ಭಾಮೈದ ನಕ್ಕ. ನಗುತ್ತ ನಗುತ್ತ ಮುಖ ಆ ಕಡೆ ತಿರುಗಿಸಿದ. ಮೂಗು ಒರೆಸಿಕೊಂಡು, "ಗಿರಾಕಿಗೆ ಏನ್ ಹೇಳ್ಲಿ?" ಅಂದ.

"ಹಿಂದಿನ ಸೀಟು ಖಾಲಿ ಇಲ್ಲ ಅಂತ ಹೇಳು" ಅಂದರು ಅತ್ತೆ.

ಅವನನ್ನು ಸ್ಟೇಷನ್ನಿಗೆ ಬಿಟ್ಟು ಬಂದೆವು, ಕಾರಿನಲ್ಲಿ. ಅವನು ಪಕ್ಕದ ಸೀಟಿನಲ್ಲಿ ಕೂತು, ಹೊರಟಾಗಿನಿಂದ ಇಳಿಯುವ ತನಕ ಇಲ್ಲದ ಬ್ರೇಕನ್ನು ತುಳಿಯುತ್ತಿದ್ದ. ಪ್ಲಾಟ್‌ಫಾರಂನಲ್ಲಿ ನನ್ನ ಬದಲಿಗೆ ಬಂದವರ ದನಿ ಕೇಳಿಸಿತು. ಊರಿನ ಹೆಸರುಗಳ ಕೊನೆಯಕ್ಷರ ನುಂಗುತ್ತಾರೆ. ಗಾಡಿ ತಡ ಎನ್ನುವಾಗ ಒಂದಿಷ್ಟೂ ವಿಷಾದವಿಲ್ಲ. ಮೈಯೆಲ್ಲ ಉರಿಯಿತು. ಮನೆ ತಲುಪಿದರೂ ಅದನ್ನೇ ಬೈಯುತ್ತಿದ್ದೆನಂತೆ.

ಅತ್ತೆ ಹೊಲಿಗೆ ಯಂತ್ರದ ಮುಸುಕು ತೆಗೆದರು.

ಮಾರ್ಚ್ 31, ಮಂಗಳವಾರ

ನಾಳೆಯಿಂದ ಕೆಲಸಕ್ಕೆ. ಸಂಜೆ ಪಾಳಿ. ಕಾರಿನಲ್ಲೇ ಹೋಗಿಬರುವುದು ಎಂದಾಗಿದೆ. ನಾನೊಬ್ಬನೇ ಓಡಿಸುವಷ್ಟು ಪಳಗುವ ತನಕ ಅತ್ತೆ ಜೊತೆಗೆ ಬಂದು, ವಿಶ್ರಾಂತಿ ಕೋಣೆಯಲ್ಲಿ ಕೂತು ಪ್ಯಾಂಟುಗಳ ಅಂಚು ಮಡಚುತ್ತಾರಂತೆ. ನಾನು ತಪ್ಪು ಹೇಳಿದರೆ ಕಿಟಕಿ ತಟ್ಟುತ್ತಾರಂತೆ. ಬೇಡ ಅನ್ನಬೇಕೆಂದಿದ್ದೆ. ನೀಲಿ ಲೋಟದಲ್ಲಿ ಕಾಫಿ ತಂದಿಟ್ಟರು. ಕುಡಿದೆ.

ಕೊನೆಯದಾಗಿ, ಪ್ರಯಾಣಿಕರಲ್ಲಿ ಒಂದು ಸಣ್ಣ ವಿನಂತಿ. ಕತ್ತಲಾದ ಮೇಲೆ ಎದುರಿನಿಂದ ಬೆಂಕಿಪೊಟ್ಟಣದಂಥ ಒಂದು ಕಾರು ಸೈಕಲ್ಲಿಗಿಂತ ನಿಧಾನವಾಗಿ ಬರುತ್ತಿದ್ದು, ಅದರ ಬೆಳಕು ತಮ್ಮ ಕಣ್ಣಿಗೆ ಹೊಡೆದರೆ, ಹಾರನ್ ಮಾಡಬೇಡಿ, ಓಡಿಸುವವನು ಗಾಬರಿಯಾಗುತ್ತಾನೆ. ತಮ್ಮ ಲೈಟನ್ನು ಒಮ್ಮೆ ಮಿಣುಕಿಸಿ, ಸಾಕು. ಅತ್ತೆ ಸೀಟಿಗೆ ಒರಗಿ ನಿದ್ದೆ ಹೋಗಿ, ಹಿಂದೆ ತೂಕ ಹೆಚ್ಚಾಗಿ ಕಾರಿನ ಮೂತಿ ಮೇಲೆದ್ದಿದೆಯೆಂದು ಅರ್ಥ. ಸ್ವಲ್ಪ ಮುಂದಕ್ಕೆ ಸರಿದು ಕೂತುಕೊಳ್ಳಿ ಎಂದು ಹೇಳುತ್ತೇನೆ.